ಹಲ್ಲಿನ ಎಕ್ಸ್‌ರೇಯಲ್ಲಿ ಹಳೆಯ ಫಿಲ್ಲಿಂಗನ್ನು ಓದುವ ಕ್ರಮ: ಗಡಿನಾಡಿನ ಕ್ಲಿನಿಕ್‌ಗಳಿಗೊಂದು ಸಮಗ್ರ ಮಾರ್ಗದರ್ಶಿ

ಕಾಸರಗೋಡಿನ ಗಡಿನಾಡಿನಲ್ಲಿ ತಲಪಾಡಿಯಿಂದ ಚಂದ್ರಗಿರಿ ಹೊಳೆಯವರೆಗಿನ ಯಾವುದೇ ದಂತ ಚಿಕಿತ್ಸಾಲಯಕ್ಕೆ ಬರುವ ರೋಗಿಯ ಬಾಯಲ್ಲಿ ಬೇರೆ ಬೇರೆ ಊರುಗಳ ಕೆಲಸ ಒಟ್ಟಿಗೇ ಕಾಣಸಿಗುವುದು ಅಪರೂಪವಲ್ಲ. ಒಂದು ದವಡೆ ಹಲ್ಲನ್ನು ಮಂಗಳೂರಿನಲ್ಲಿ ತುಂಬಿಸಿರುತ್ತಾರೆ, ಇನ್ನೊಂದನ್ನು ಗಲ್ಫ್‌ನಲ್ಲಿ ದುಡಿಯುತ್ತಿದ್ದಾಗ ತುಂಬಿಸಿರುತ್ತಾರೆ, ಮುಂದಿನ ಹಲ್ಲಿನ ಕೆಲಸ ಊರ ಪೇಟೆಯಲ್ಲೇ ಆಗಿರುತ್ತದೆ. ಯಾವ ಹಲ್ಲಿಗೆ ಯಾವ ವಸ್ತು ಹಾಕಿದರೆಂಬ ದಾಖಲೆ ಮಾತ್ರ ಯಾರ ಬಳಿಯೂ ಇರುವುದಿಲ್ಲ. ‘ಬೆಳ್ಳಿ ಹಾಕಿದ್ದು’, ‘ಸಿಮೆಂಟು ಹಾಕಿದ್ದು’ ಎಂಬಷ್ಟೇ ನೆನಪು ಉಳಿದಿರುತ್ತದೆ.

ಹೀಗಾಗಿ ದಾಖಲೆಯ ಜಾಗದಲ್ಲಿ ಎಕ್ಸ್‌ರೇ ಚಿತ್ರವೇ ನಿಲ್ಲಬೇಕಾಗುತ್ತದೆ. ಅದನ್ನು ಓದುವಾಗ ಹೊಸಬರು ಮತ್ತೆ ಮತ್ತೆ ಎಡವುವುದು ಎರಡು ಕಡೆ. ಫಿಲ್ಲಿಂಗಿನ ಅಡಿಯಲ್ಲಿ ಕಂಡ ಪ್ರತಿಯೊಂದು ಕಪ್ಪು ಗೆರೆಯನ್ನೂ ಹುಳುಕೆಂದು ತಿಳಿದು ಗಟ್ಟಿಯಾಗಿದ್ದ ಫಿಲ್ಲಿಂಗನ್ನು ಕೊರೆದು ತೆಗೆಯುತ್ತಾರೆ. ಇಲ್ಲವೇ ಬೆಳ್ಳಗೆ ಹೊಳೆಯುವ ಫಿಲ್ಲಿಂಗನ್ನು ನೋಡಿ ಸಮಾಧಾನಪಟ್ಟು ಅದರ ಮರೆಯಲ್ಲಿರುವ ನಿಜವಾದ ಹುಳುಕನ್ನು ಬಿಟ್ಟುಬಿಡುತ್ತಾರೆ. ಎರಡಕ್ಕೂ ಕಾರಣ ಒಂದೇ: ಚಿತ್ರದಲ್ಲಿ ಅಳತೆಗೋಲನ್ನು ಗೊತ್ತುಮಾಡಿಕೊಳ್ಳುವ ಮೊದಲೇ ಬಣ್ಣವನ್ನು ಓದಲು ಹೊರಡುವುದು. ಈ ಮಾರ್ಗದರ್ಶಿಯಲ್ಲಿ ಹಂತಗಳನ್ನು ಯಾವ ಕ್ರಮದಲ್ಲಿ ಇಟ್ಟಿದೆಯೋ ಅದೇ ಕ್ರಮದಲ್ಲಿ ಅನುಸರಿಸಬೇಕೆಂದು ಒತ್ತಾಯಿಸುವುದು ಅದಕ್ಕಾಗಿಯೇ. ಇದು ಹೊಸದಾಗಿ ಕೆಲಸಕ್ಕಿಳಿದ ದಂತವೈದ್ಯರಿಗೆ, ಇಂಟರ್ನ್‌ಗಳಿಗೆ ಮತ್ತು ಚಿತ್ರ ತೆಗೆಯುವ ಸಹಾಯಕರಿಗೆ ಬರೆದದ್ದು. ರೋಗಿಗಳು ಓದಿದರೆ ತಪ್ಪಿಲ್ಲ, ಆದರೆ ತಮ್ಮ ಚಿತ್ರವನ್ನು ತಾವೇ ಓದಿ ತೀರ್ಮಾನಕ್ಕೆ ಬರಬಾರದು.

ಕೈಯಲ್ಲಿರಬೇಕಾದ ಸಾಮಗ್ರಿ

ಬೈಟ್‌ವಿಂಗ್ (ಹಿಡಿಕೆಯನ್ನು ಕಚ್ಚಿಸಿ ಮೇಲಿನ ಮತ್ತು ಕೆಳಗಿನ ಹಲ್ಲುಗಳನ್ನು ಒಟ್ಟಿಗೆ ತೆಗೆಯುವ ಚಿತ್ರ) ಹಿಡಿಕೆ ಮತ್ತು ಪೆರಿಯಾಪಿಕಲ್ (ಬೇರಿನ ತುದಿಯವರೆಗೆ ತೋರಿಸುವ) ಚಿತ್ರಕ್ಕೆ ಸಮಾನಾಂತರ ಹಿಡಿಕೆ, ಬಾಯಿ ಕನ್ನಡಿ, ಹಲ್ಲನ್ನು ತಡವಿ ನೋಡುವ ಮೊಂಡಾದ ಕಡ್ಡಿ ಅಂದರೆ ಪ್ರೋಬ್, ಗಾಳಿ ಊದುವ ಸಿರಿಂಜ್, ಹಲ್ಲಿನ ಸಂದಿಗೆ ಹಾಕುವ ಫ್ಲಾಸ್ ಇವಿಷ್ಟು ಬೇಕು. ಫಿಲ್ಮ್ ಬಳಸುವವರಿಗೆ ಬೆಳಕಿನ ಪೆಟ್ಟಿಗೆ ಮತ್ತು ಭೂತಗನ್ನಡಿ ಅಗತ್ಯ. ಇವುಗಳ ಜೊತೆಗೆ ಅಂಗೈ ಅಗಲದ ಕಪ್ಪು ಕಾಗದವೊಂದನ್ನು ತೆಗೆದುಕೊಂಡು ಅದರ ನಡುವೆ ಬೆರಳಿನ ಉಗುರಿನಷ್ಟು ಕಿಟಕಿ ಕತ್ತರಿಸಿ ಇಟ್ಟುಕೊಳ್ಳಿ. ಖರ್ಚಿಲ್ಲದ ಈ ಸಾಮಗ್ರಿ ಆರನೆಯ ಹಂತದಲ್ಲಿ ಎಷ್ಟು ಉಪಕಾರಕ್ಕೆ ಬರುತ್ತದೆ ಎಂಬುದು ಬಳಸಿದವರಿಗೇ ಗೊತ್ತು.

ಎಕ್ಸ್‌ರೇ ಯಂತ್ರಕ್ಕೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಇರಬೇಕು. ಸೆನ್ಸರನ್ನಾಗಲಿ ಫಿಲ್ಮನ್ನಾಗಲಿ ಸಿಬ್ಬಂದಿ ಕೈಯಲ್ಲಿ ಹಿಡಿದು ನಿಲ್ಲಕೂಡದು.

ಹಂತ 1: ಚಿತ್ರಕ್ಕಿಂತ ಮೊದಲು ಬಾಯಿಯನ್ನು ನೋಡಿ

ಹಲ್ಲನ್ನು ಒಣಗಿಸಿ, ಫಿಲ್ಲಿಂಗಿನ ಬಣ್ಣ ಮತ್ತು ಅಂಚನ್ನು ನೋಡಿ ಬರೆದುಕೊಳ್ಳಿ. ಬಾಯಲ್ಲಿ ಬೂದು ಲೋಹದಂತೆ ಕಾಣುವ ಫಿಲ್ಲಿಂಗ್ ಚಿತ್ರದಲ್ಲಿ ತೀವ್ರ ಬಿಳಿಯಾಗಿ ಬರಬೇಕು. ಹಲ್ಲಿನ ಬಣ್ಣದ ಫಿಲ್ಲಿಂಗ್ ಯಾವ ಛಾಯೆಯಲ್ಲಿ ಬೇಕಾದರೂ ಬರಬಹುದು. ಇದನ್ನು ಮೊದಲೇ ಬರೆದಿಟ್ಟರೆ ಅರ್ಧ ಗೊಂದಲ ಅಲ್ಲಿಗೇ ತೀರುತ್ತದೆ.

ಫ್ಲಾಸ್ ಎಳೆದು ನೋಡಿ. ಅದು ಎಳೆಎಳೆಯಾಗಿ ಹರಿದರೆ ಅಥವಾ ಹೊರಬರುವಾಗ ಸಿಕ್ಕಿಕೊಂಡರೆ ಫಿಲ್ಲಿಂಗಿನ ಅಂಚು ಹೊರಚಾಚಿದೆ ಎಂಬ ಸಂಶಯವನ್ನು ಟಿಪ್ಪಣಿ ಮಾಡಿ. ನಮ್ಮ ಕಡೆ ಎಲೆ ಅಡಿಕೆ ಹಾಕುವ ಹಿರಿಯರಲ್ಲಿ ಹಲ್ಲಿನ ಬುಡಕ್ಕೆ ಗಟ್ಟಿ ಪಾಚಿ ಕಟ್ಟಿರುವುದು, ಜಗಿಯುವ ಮೇಲ್ಮೈ ಸವೆದಿರುವುದು ಸಾಮಾನ್ಯ. ಪಾಚಿ ಸುಣ್ಣಾಂಶದಿಂದ ಕೂಡಿದ್ದರಿಂದ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುತ್ತದೆ ಮತ್ತು ಹೊರಚಾಚಿದ ಫಿಲ್ಲಿಂಗಿನಂತೆಯೇ ತೋರುತ್ತದೆ. ಸಾಧ್ಯವಿದ್ದರೆ ಮೊದಲು ಹಲ್ಲು ಶುಚಿಗೊಳಿಸಿ, ಬಳಿಕ ಚಿತ್ರ ತೆಗೆಯಿರಿ.

ಹಂತ 2: ಪ್ರಶ್ನೆಗೆ ತಕ್ಕ ಚಿತ್ರವನ್ನು ಆರಿಸಿ

ಎರಡು ಹಲ್ಲುಗಳ ನಡುವಿನ ಫಿಲ್ಲಿಂಗಿನ ಅಡಿ ಅಂಚನ್ನು ನೋಡಬೇಕಾದರೆ ಬೈಟ್‌ವಿಂಗ್ ಚಿತ್ರವೇ ಬೇಕು. ಫಿಲ್ಲಿಂಗ್ ಹಾಕಿದ ಹಲ್ಲಿನಲ್ಲಿ ಹುಳುಕು ಮರಳಿ ಹುಟ್ಟುವುದು ಹೆಚ್ಚಾಗಿ ಒಸಡಿನ ಕಡೆಯ ಅಂಚಿನಲ್ಲಿ, ಮತ್ತು ಆ ಅಂಚಿನ ಮೇಲೆ ಕಿರಣ ನೇರವಾಗಿ ಬೀಳುವುದು ಬೈಟ್‌ವಿಂಗಿನಲ್ಲಿ. ಬೇರಿನ ತುದಿಯ ಪ್ರಶ್ನೆಯಿದ್ದರೆ ಪೆರಿಯಾಪಿಕಲ್. ಇಡೀ ದವಡೆಯ ದೊಡ್ಡ ಚಿತ್ರ, ಅಂದರೆ ಒಪಿಜಿ, ಎಷ್ಟು ಹಲ್ಲುಗಳಿಗೆ ಕೆಲಸವಾಗಿದೆ ಎಂದು ಎಣಿಸಲು ಸಾಕು. ಫಿಲ್ಲಿಂಗಿನ ಅಂಚನ್ನು ತೀರ್ಮಾನಿಸಲು ಸಾಲದು. ಫಿಲ್ಲಿಂಗಿನ ಅಡಿಯ ಹುಳುಕನ್ನು ನೋಡಲೆಂದೇ ಸಿಬಿಸಿಟಿ (ಮೂರು ಆಯಾಮದ ಎಕ್ಸ್‌ರೇ) ಸ್ಕ್ಯಾನಿಗೆ ಕಳುಹಿಸುವ ಅಭ್ಯಾಸವೂ ಹರಡುತ್ತಿದೆ. ಲೋಹವಿದ್ದಲ್ಲಿ ಆ ಸ್ಕ್ಯಾನಿನಲ್ಲಿ ಕಪ್ಪು ಪಟ್ಟಿಗಳೂ ಬಿಳಿ ಗೆರೆಗಳೂ ಚೆಲ್ಲಾಡಿ, ನೋಡಬೇಕಾದ ಜಾಗವೇ ಮುಚ್ಚಿಹೋಗುತ್ತದೆ. ರೋಗಿಯ ಹಣಕ್ಕೂ ಖರ್ಚು, ಕಿರಣದ ಹೊರೆಯೂ ಹೆಚ್ಚು.

ಎಕ್ಸ್‌ರೇ ಕೊಳವೆಯ ಅಡ್ಡ ಕೋನವನ್ನು ಹಲ್ಲುಗಳ ಸಂದಿಗೆ ಸರಿಯಾಗಿ ಹೊಂದಿಸಿ. ಚಿತ್ರದಲ್ಲಿ ಪಕ್ಕದ ಹಲ್ಲುಗಳ ಎನಾಮಲ್ (ಹಲ್ಲಿನ ಗಟ್ಟಿ ಹೊರಪದರ) ಒಂದರ ಮೇಲೊಂದು ಅರ್ಧಕ್ಕಿಂತ ಹೆಚ್ಚು ಬಿದ್ದಿದ್ದರೆ ಆ ಸಂದಿಯ ಬಗ್ಗೆ ಏನನ್ನೂ ಹೇಳಲು ಹೋಗಬೇಡಿ. ಯಂತ್ರದಲ್ಲಿ 60ರಿಂದ 70 ಕಿಲೋವೋಲ್ಟ್ ನಡುವೆ ಒಂದು ಮಟ್ಟವನ್ನು ನಿಶ್ಚಯಿಸಿಕೊಂಡು ಎಲ್ಲ ಬೈಟ್‌ವಿಂಗ್‌ಗಳನ್ನೂ ಅದರಲ್ಲೇ ತೆಗೆಯಿರಿ. ವೋಲ್ಟೇಜ್ ಬದಲಾದರೆ ಅದೇ ವಸ್ತುವಿನ ಬಿಳುಪು ಬದಲಾಗುತ್ತದೆ, ಹಿಂದಿನ ವರ್ಷದ ಚಿತ್ರದೊಡನೆ ಹೋಲಿಸಲು ಆಗುವುದಿಲ್ಲ.

ಫಿಲ್ಮನ್ನು ಕೈಯಿಂದ ತೊಳೆಯುವ ಕ್ಲಿನಿಕ್‌ಗಳಲ್ಲಿ ಡೆವಲಪರ್ ದ್ರಾವಣದ ಉಷ್ಣತೆಯನ್ನು ಅಳೆಯಿರಿ. 20 ಡಿಗ್ರಿಯಲ್ಲಿ 5 ನಿಮಿಷ ಬೇಕಾದ ಫಿಲ್ಮಿಗೆ 27 ಡಿಗ್ರಿಯ ಹತ್ತಿರ ಎರಡೂವರೆ ನಿಮಿಷ ಸಾಕಾಗುತ್ತದೆ. ಏಪ್ರಿಲ್ ತಿಂಗಳ ಕಾಸರಗೋಡಿನಲ್ಲಿ ನೀರು ತಾನಾಗಿಯೇ ಅದಕ್ಕಿಂತ ಬಿಸಿಯಾಗಿರುತ್ತದೆ. ಗಡಿಯಾರ ನೋಡಿ 5 ನಿಮಿಷ ಮುಳುಗಿಸಿಟ್ಟರೆ ಫಿಲ್ಮ್ ಕಪ್ಪಾಗಿ, ತೆಳು ಎನಾಮಲ್ ಮಾಯವಾಗುತ್ತದೆ. ಇನ್ನು ರೋಗಿ ಮನೆಯಿಂದ ತಂದ ಹಳೆಯ ಫಿಲ್ಮಿನಲ್ಲಿ ಮಳೆಗಾಲದ ಬೂಷ್ಟು ಹಿಡಿದ ಚುಕ್ಕೆಗಳಿದ್ದರೆ ಅವುಗಳನ್ನು ಹಲ್ಲಿನ ತೂತೆಂದು ಓದದಿರಲು ಫಿಲ್ಮನ್ನು ಓರೆಯಾಗಿ ಹಿಡಿದು ಮೇಲ್ಮೈಯನ್ನೊಮ್ಮೆ ನೋಡಿಕೊಳ್ಳಿ.

ಹಂತ 3: ಪರದೆಯನ್ನು ನಂಬುವ ಮುನ್ನ ಅದರ ಅಲಂಕಾರ ತೆಗೆಯಿರಿ

ಡಿಜಿಟಲ್ ಸೆನ್ಸರ್‌ಗಳ ತಂತ್ರಾಂಶ ಹೆಚ್ಚಾಗಿ ಚಿತ್ರವನ್ನು ಹರಿತಗೊಳಿಸಿಯೇ ತೋರಿಸುತ್ತದೆ. ಈ ಹರಿತಗೊಳಿಸುವಿಕೆಯಿಂದ ತೀವ್ರ ಬಿಳಿ ವಸ್ತುವಿನ ಸುತ್ತ ತೆಳುವಾದ ಕಪ್ಪು ಅಂಚು ತಾನಾಗಿ ಹುಟ್ಟುತ್ತದೆ. ಅದು ಹಲ್ಲಿನಲ್ಲಿ ಇಲ್ಲ, ಲೆಕ್ಕದಲ್ಲಿ ಹುಟ್ಟಿದ್ದು. ಆದ್ದರಿಂದ ಮೊದಲು ಎಲ್ಲ ಫಿಲ್ಟರ್‌ಗಳನ್ನು ತೆಗೆದು ಮೂಲ ಚಿತ್ರವನ್ನು ನೋಡಿ, ಬೇಕಿದ್ದರೆ ಆಮೇಲೆ ಒಂದೊಂದಾಗಿ ಹಾಕಿ. ಕೋಣೆಯ ದೀಪ ಮಂದವಾಗಿರಲಿ, ಕಿಟಕಿಯ ಬೆಳಕು ಪರದೆಯ ಮೇಲೆ ಬೀಳದಿರಲಿ.

ಟ್ಯೂಬ್‌ಲೈಟಿಗೆ ಹಿಡಿದು ಮೊಬೈಲಿನಲ್ಲಿ ತೆಗೆದು ವಾಟ್ಸಾಪ್ ಮೂಲಕ ಬಂದ ಫಿಲ್ಮಿನ ಫೋಟೊ ಓದಲು ಯೋಗ್ಯವಲ್ಲ. ಕಳುಹಿಸುವಾಗ ಚಿತ್ರ ಕುಗ್ಗುತ್ತದೆ, ಮೊಬೈಲ್ ಕ್ಯಾಮೆರಾ ತನಗೆ ಬೇಕಾದಂತೆ ಬೆಳಕನ್ನು ಸರಿಮಾಡಿಕೊಳ್ಳುತ್ತದೆ. ಅಂಥ ಫೋಟೊ ನೋಡಿ ಅಭಿಪ್ರಾಯ ಕೇಳಿದವರಿಗೆ ಮೂಲ ಫಿಲ್ಮನ್ನಾಗಲಿ ಮೂಲ ಕಡತವನ್ನಾಗಲಿ ತರಲು ಹೇಳುವುದೇ ಸರಿಯಾದ ಉತ್ತರ.

ಹಂತ 4: ಅದೇ ಚಿತ್ರದಲ್ಲಿ ಅಳತೆಗೋಲು ಹುಡುಕಿ

ಫಿಲ್ಲಿಂಗನ್ನು ನೋಡುವ ಮುನ್ನ ಅದೇ ಚಿತ್ರದಲ್ಲಿ ಕೆಲಸವಾಗದ ಒಂದು ಹಲ್ಲನ್ನು ಹುಡುಕಿ, ಅದರ ಎನಾಮಲ್ ಎಷ್ಟು ಬಿಳಿ, ಅದರ ಒಳಗಿನ ಪದರವಾದ ಡೆಂಟಿನ್ ಎಷ್ಟು ಬೂದು ಎಂದು ಕಣ್ಣಿಗೆ ರೂಢಿಮಾಡಿಕೊಳ್ಳಿ. ಎಕ್ಸ್‌ರೇ ತಡೆಯುವ ಶಕ್ತಿಯನ್ನು ಅಲ್ಯೂಮಿನಿಯಂ ದಪ್ಪದಲ್ಲಿ ಹೇಳುವುದು ವಾಡಿಕೆ. 1 ಮಿ.ಮೀ. ದಪ್ಪದ ಡೆಂಟಿನ್ ಸುಮಾರು 1 ಮಿ.ಮೀ. ಅಲ್ಯೂಮಿನಿಯಂನಷ್ಟು ತಡೆಯುತ್ತದೆ; ಅಷ್ಟೇ ದಪ್ಪದ ಎನಾಮಲ್ ಸುಮಾರು 2 ಮಿ.ಮೀ.ನಷ್ಟು. ಮುಂದೆ ಹೇಳುವುದೆಲ್ಲವೂ ಈ ಎರಡು ಮೆಟ್ಟಿಲುಗಳಿಗೆ ಹೋಲಿಸಿ ಹೇಳುವುದೇ.

ಇಲ್ಲೊಂದು ಬಲೆ ಇದೆ. ಐಎಸ್‌ಒ 4049 ಮಾನದಂಡದ ಪ್ರಕಾರ, ಎಕ್ಸ್‌ರೇಯಲ್ಲಿ ಕಾಣುತ್ತದೆ ಎಂದು ಹೇಳಿಕೊಳ್ಳುವ ಕಾಂಪೋಸಿಟ್ (ಹಲ್ಲಿನ ಬಣ್ಣದ ರಾಳದ ಫಿಲ್ಲಿಂಗ್ ವಸ್ತು) ತನ್ನಷ್ಟೇ ದಪ್ಪದ ಅಲ್ಯೂಮಿನಿಯಂಗೆ ಸಮನಾಗಿ ಕಿರಣವನ್ನು ತಡೆದರೆ ಸಾಕು. ಅಂದರೆ ಡಬ್ಬಿಯ ಮೇಲೆ ‘ರೇಡಿಯೊಪೇಕ್’ ಎಂದು ಅಚ್ಚಾಗಿರುವ ವಸ್ತು ಡೆಂಟಿನ್‌ನಷ್ಟೇ ಬೂದಾಗಿದ್ದು, ಹಲ್ಲಿನಲ್ಲಿ ಕರಗಿಹೋದಂತೆ ಕಾಣುವುದಕ್ಕೂ ಅಡ್ಡಿಯಿಲ್ಲ. ಹಿಂಬದಿಯ ಹಲ್ಲುಗಳಿಗೆ ವಸ್ತು ಕೊಳ್ಳುವಾಗ ಎನಾಮಲ್‌ಗೆ ಸಮನಾದ ಅಥವಾ ಅದಕ್ಕಿಂತ ತುಸು ಮೇಲಿನದನ್ನು ಆರಿಸಬೇಕೆಂದು ನನ್ನ ಸಲಹೆ. ಅತಿ ಬಿಳಿಯಾದದ್ದೂ ಅಷ್ಟು ಒಳ್ಳೆಯದಲ್ಲ, ಅದರ ಹೊಳಪು ಪಕ್ಕದ ಸಣ್ಣ ಕಪ್ಪನ್ನು ನುಂಗಿಬಿಡುತ್ತದೆ.

ಬಿಳುಪು ಮೂರು ಸಂಗತಿಗಳ ಮೇಲೆ ನಿಂತಿದೆ: ವಸ್ತುವಿನಲ್ಲಿರುವ ಧಾತುಗಳ ಪರಮಾಣು ಸಂಖ್ಯೆ, ಅದರ ಸಾಂದ್ರತೆ, ಕಿರಣದ ದಾರಿಯಲ್ಲಿ ಅದರ ದಪ್ಪ. ಪರಮಾಣು ಸಂಖ್ಯೆಯ ಪ್ರಭಾವ ಅತಿ ಹೆಚ್ಚು; ದಂತ ಎಕ್ಸ್‌ರೇಯ ಶಕ್ತಿಮಟ್ಟದಲ್ಲಿ ಕಿರಣ ಹೀರುವಿಕೆ ಸರಿಸುಮಾರು ಅದರ ಘನದ ಪ್ರಮಾಣದಲ್ಲಿ ಏರುತ್ತದೆ. ಹಲ್ಲಿನ ಕ್ಯಾಲ್ಸಿಯಂನದು 20. ಸ್ಟ್ರಾಂಷಿಯಂ 38, ಜಿರ್ಕೋನಿಯಂ 40, ಬೆಳ್ಳಿ 47, ತವರ 50, ಬೇರಿಯಂ 56, ಇಟರ್ಬಿಯಂ 70, ಚಿನ್ನ 79, ಪಾದರಸ 80, ಬಿಸ್ಮತ್ 83. ಈ ಪಟ್ಟಿ ನೆನಪಿದ್ದರೆ ಯಾವ ವಸ್ತು ಏಕೆ ಬಿಳಿ ಎಂಬುದನ್ನು ಬಾಯಿಪಾಠ ಮಾಡಬೇಕಾಗಿಲ್ಲ. ದಪ್ಪವನ್ನು ಮಾತ್ರ ಮರೆಯದಿರಿ: ಆಳವಾದ ಕುಳಿಯಲ್ಲಿ ತುಂಬಿದ ಮಧ್ಯಮ ಬಿಳುಪಿನ ವಸ್ತು, ತೆಳುವಾಗಿ ಹಚ್ಚಿದ ತೀವ್ರ ಬಿಳಿ ವಸ್ತುವಿಗಿಂತ ಹೆಚ್ಚು ಹೊಳೆಯಬಹುದು.

ಹಂತ 5: ಬಿಳಿಯನ್ನು ವಿಂಗಡಿಸಿ

ಮೊದಲು ಪೂರ್ತಿ ಬಿಳಿ, ಒಳಗೆ ಯಾವ ಛಾಯಾಭೇದವೂ ಇಲ್ಲದವುಗಳನ್ನು ಗುರುತಿಸಿ. ಅಮಾಲ್ಗಮ್ (ಪಾದರಸ ಬೆರೆಸಿದ ‘ಬೆಳ್ಳಿ’ ಫಿಲ್ಲಿಂಗ್), ಚಿನ್ನ, ಎರಕದ ಲೋಹದ ಕ್ಯಾಪ್ ಇಲ್ಲಿಗೆ ಸೇರುತ್ತವೆ. ಚಿತ್ರದಿಂದ ಇವುಗಳಲ್ಲಿ ಒಂದನ್ನೊಂದು ಬೇರ್ಪಡಿಸುವುದು ಆಕಾರದಿಂದ ಮಾತ್ರ ಸಾಧ್ಯ. ಅಮಾಲ್ಗಮ್‌ನ ಅಂಚು ಒರಟಾಗಿದ್ದು, ಕೆಲವೊಮ್ಮೆ ಒಸಡಿನಲ್ಲಿ ಸಿಡಿದು ಸೇರಿದ ಚೂರುಗಳೂ ಕಾಣುತ್ತವೆ. ಎರಕದ ಕ್ಯಾಪಿನ ಅಂಚು ನಯವಾಗಿರುತ್ತದೆ. ಮಕ್ಕಳ ಹಾಲುಹಲ್ಲಿಗೆ ಹಾಕುವ ಸ್ಟೀಲ್ ಕ್ಯಾಪ್ ತೆಳುವಾದ್ದರಿಂದ ಅದರೊಳಗೆ ಹಲ್ಲಿನ ನೆರಳು ಅಲ್ಪಸ್ವಲ್ಪ ಕಾಣುವುದುಂಟು. ಜಿರ್ಕೋನಿಯಾ ಕ್ಯಾಪ್ ಬಾಯಲ್ಲಿ ಹಲ್ಲಿನ ಬಣ್ಣದ್ದಾದರೂ ಚಿತ್ರದಲ್ಲಿ ಲೋಹದಂತೆ ಬೆಳ್ಳಗಿರುತ್ತದೆ. ಮೊದಲ ಹಂತದಲ್ಲಿ ಬಾಯಿ ನೋಡಿ ಬರೆದಿಟ್ಟ ಟಿಪ್ಪಣಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಲೋಹದ ಮೇಲೆ ಪಿಂಗಾಣಿ ಹಾಕಿದ ಕ್ಯಾಪಿನಲ್ಲಿ ಒಳಗೆ ಬಿಳಿ ಟೊಪ್ಪಿಗೆ, ಹೊರಗೆ ಮಸುಕಾದ ಪದರ, ಹೀಗೆ ಎರಡು ಮಟ್ಟ ಕಾಣುತ್ತವೆ. ಲೋಹವಿಲ್ಲದ ಸಾಮಾನ್ಯ ಪಿಂಗಾಣಿ ಹಲ್ಲಿನ ಛಾಯೆಗೇ ಹತ್ತಿರ.

ಎರಡನೆಯ ಗುಂಪು ಎನಾಮಲ್‌ಗೆ ಸಮ ಅಥವಾ ತುಸು ಮೇಲಿನದು. ಬೇರಿಯಂ, ಸ್ಟ್ರಾಂಷಿಯಂ, ಜಿರ್ಕೋನಿಯಂ ಅಥವಾ ಇಟರ್ಬಿಯಂ ಫ್ಲೋರೈಡ್ ಬೆರೆಸಿದ ಇಂದಿನ ಕಾಂಪೋಸಿಟ್‌ಗಳು, ಜಿಂಕ್ ಆಕ್ಸೈಡ್ ಯೂಜಿನಾಲ್ ಮತ್ತು ಜಿಂಕ್ ಫಾಸ್ಫೇಟ್ ಸಿಮೆಂಟುಗಳು ಇದರಲ್ಲಿವೆ. ಇವುಗಳನ್ನು ಬರಿಯ ಬಿಳುಪಿನಿಂದ ಹೆಸರಿಸಲು ಹೋಗಬೇಡಿ. ‘ಎನಾಮಲ್‌ಗಿಂತ ಬಿಳಿ, ಲೋಹವಲ್ಲ’ ಎಂದು ಬರೆದರೆ ಸಾಕು, ಮುಂದೆ ಓದುವವರಿಗೆ ಅದು ಹೆಸರಿಗಿಂತ ಹೆಚ್ಚು ಉಪಯುಕ್ತ.

ಮೂರನೆಯ ಗುಂಪೇ ಹೆಚ್ಚು ತೊಂದರೆ ಕೊಡುವುದು: ಡೆಂಟಿನ್‌ನಷ್ಟೇ ಅಥವಾ ಅದಕ್ಕಿಂತ ಕಡಿಮೆ ಕಾಣುವವು. ಗಾಜಿನ ಪುಡಿಯ ಸಿಮೆಂಟಾದ ಗ್ಲಾಸ್ ಅಯನೊಮರ್‌ನಲ್ಲಿ ಕ್ಯಾಲ್ಸಿಯಂ ಗಾಜಿನ ಬದಲು ಸ್ಟ್ರಾಂಷಿಯಂ ಗಾಜು ಬಳಸಿದ್ದರೆ ಚೆನ್ನಾಗಿ ಕಾಣುತ್ತದೆ, ಇಲ್ಲದಿದ್ದರೆ ಡೆಂಟಿನ್‌ನಲ್ಲಿ ಬೆರೆತುಹೋಗುತ್ತದೆ. ಕ್ವಾರ್ಟ್ಸ್ ಅಥವಾ ಬರಿಯ ಸಿಲಿಕಾ ತುಂಬಿದ ಹಳೆಯ ಕಾಂಪೋಸಿಟ್‌ಗಳು, ತಾತ್ಕಾಲಿಕ ಅಕ್ರಿಲಿಕ್ ಕ್ಯಾಪ್‌ಗಳು, ಅಂಟುದ್ರವಗಳು ಕಪ್ಪಾಗಿಯೇ ಕಾಣುತ್ತವೆ. ಮುಂದಿನ ಹಲ್ಲುಗಳಲ್ಲಿ ಹೀಗೆ ಕಪ್ಪಾಗಿ ಕಂಡ ಫಿಲ್ಲಿಂಗನ್ನು ತೂತೆಂದು ಹೇಳಿ ರೋಗಿಯನ್ನು ಗಾಬರಿಗೊಳಿಸುವುದು ತೀರ ಸಾಮಾನ್ಯ ತಪ್ಪು. ವೈದ್ಯರು ಕೊರೆದ ಕುಳಿಗೆ ಸ್ಪಷ್ಟ ಗೋಡೆಗಳು, ಸಮತಟ್ಟಾದ ತಳ, ತಿರುವಿನಲ್ಲೊಂದು ಖಚಿತವಾದ ಮೂಲೆ ಇರುತ್ತವೆ. ಹುಳುಕಿಗೆ ಅಂಥ ಶಿಸ್ತಿಲ್ಲ.

ಹಂತ 6: ಕಪ್ಪನ್ನು ಪ್ರಶ್ನಿಸಿ

ಈ ಹಂತಕ್ಕೆ ಬೇಕಾದಷ್ಟು ಸಮಯ ಕೊಡಿ. ಫಿಲ್ಲಿಂಗಿನ ಕೆಳಗೋ ಪಕ್ಕದಲ್ಲೋ ಕಪ್ಪು ಕಂಡರೆ ಕೆಳಗಿನ ಪ್ರಶ್ನೆಗಳನ್ನು ಇದೇ ಸರದಿಯಲ್ಲಿ ಕೇಳಿಕೊಳ್ಳಿ. ಸುಲಭವಾಗಿ ತಳ್ಳಿಹಾಕಬಹುದಾದ ಕಾರಣಗಳು ಮೊದಲು ಬರುತ್ತವೆ, ಹುಳುಕು ಕೊನೆಗೆ.

1. ಕಪ್ಪು ನಿಜವಾಗಿಯೂ ಚಿತ್ರದಲ್ಲಿದೆಯೇ? ತೀವ್ರ ಬಿಳಿ ಮತ್ತು ಬೂದು ಸೇರುವ ಗಡಿಯಲ್ಲಿ ಕಣ್ಣು ಇಲ್ಲದ ಕಪ್ಪು ಗೆರೆಯನ್ನು ಕಾಣುತ್ತದೆ. ಕತ್ತರಿಸಿಟ್ಟ ಕಪ್ಪು ಕಾಗದದ ಕಿಟಕಿಯನ್ನು ಸಂಶಯದ ಜಾಗದ ಮೇಲೆ ಇಟ್ಟು, ಬಿಳಿ ಫಿಲ್ಲಿಂಗ್ ಪೂರ್ತಿ ಮುಚ್ಚುವಂತೆ ಸರಿಸಿ. ಗೆರೆ ಮಾಯವಾದರೆ ಅದು ಕಣ್ಣಿನ ಭ್ರಮೆ. ಮುಚ್ಚಿದ ಮೇಲೂ ಉಳಿದರೆ ಮುಂದಿನ ಪ್ರಶ್ನೆಗೆ ಹೋಗಿ.

2. ಅದು ತಂತ್ರಾಂಶದ ಸೃಷ್ಟಿಯೇ? ಫಿಲ್ಲಿಂಗಿನ ಸುತ್ತಲೂ ಒಂದೇ ಅಗಲದಲ್ಲಿ, ಹಲ್ಲು ಆರೋಗ್ಯವಾಗಿರುವ ಕಡೆಯಲ್ಲೂ, ಪಕ್ಕದ ಕ್ಯಾಪಿನ ಅಂಚಿನಲ್ಲೂ ಅದೇ ಗೆರೆ ಇದ್ದರೆ ಫಿಲ್ಟರಿನ ಕೆಲಸವೇ ಸರಿ. ಹುಳುಕು ಇಡೀ ಫಿಲ್ಲಿಂಗನ್ನು ದಾರ ಸುತ್ತಿದಂತೆ ಸಮನಾಗಿ ಸುತ್ತುವುದಿಲ್ಲ.

3. ಅದು ಹಲ್ಲಿನ ಕುತ್ತಿಗೆಯ ಸಹಜ ಕಪ್ಪೇ? ಎನಾಮಲ್ ಮುಗಿದು ಮೂಳೆ ಆರಂಭವಾಗುವ ನಡುವಿನ ಜಾಗದಲ್ಲಿ ಕಿರಣಕ್ಕೆ ತಡೆ ಕಡಿಮೆ. ಅಲ್ಲಿ ಪಟ್ಟಿಯ ಅಥವಾ ತ್ರಿಕೋನದ ಆಕಾರದ ಕಪ್ಪು ಬೀಳುತ್ತದೆ, ಸಾಮಾನ್ಯವಾಗಿ ಪಕ್ಕದ ಹಲ್ಲುಗಳಲ್ಲೂ ಅದೇ ಎತ್ತರದಲ್ಲಿ ಇರುತ್ತದೆ. ಕೋನ ಬದಲಿಸಿ ತೆಗೆದ ಚಿತ್ರದಲ್ಲಿ ಇದು ಅಳಿಸಿಹೋಗುತ್ತದೆ ಇಲ್ಲವೇ ಜಾಗ ಬದಲಿಸುತ್ತದೆ.

4. ಅದು ಅಂಟುದ್ರವವೇ? ಕಾಂಪೋಸಿಟ್ ಹಾಕುವ ಮೊದಲು ಹಚ್ಚಿದ ಬಾಂಡಿಂಗ್ ದ್ರವ ಒಸಡಿನ ಕಡೆಯ ಮೂಲೆಯಲ್ಲಿ ಮಡುಗಟ್ಟಿದ್ದರೆ, ತೆಳುವಾದ, ಎರಡೂ ಅಂಚು ಚೂಪಾಗಿ ಮುಗಿಯುವ ಕಪ್ಪು ಗೆರೆಯಾಗಿ ಕಾಣುತ್ತದೆ. ಕೊರೆದ ಕುಳಿಯ ತಳವನ್ನು ಅನುಸರಿಸಿಯೇ ಅದು ಸಾಗುತ್ತದೆ. ಡೆಂಟಿನ್‌ನ ಒಳಗೆ ಹರಡಿರುವುದಿಲ್ಲ.

5. ಅದು ಗಾಳಿಗುಳ್ಳೆಯೇ? ಫಿಲ್ಲಿಂಗಿನ ಒಡಲಿನಲ್ಲೇ ಇರುವ, ದುಂಡಗಿನ, ಅಂಚು ಖಚಿತವಾದ ಚುಕ್ಕೆಗಳು ತುಂಬುವಾಗ ಸೇರಿದ ಗಾಳಿ. ಒಳಗೆ ಇದ್ದರೆ ಬಿಡಿ. ಅಂಚಿಗೆ ತಾಗಿದ್ದರೆ ನಿಗಾ ಇಡಿ.

6. ಅದು ತಳದ ಲೇಪವೇ? ಆಳದ ಕುಳಿಯಲ್ಲಿ ನರದ ರಕ್ಷಣೆಗೆ ಹಚ್ಚಿದ ಹಳೆಯ ಬಗೆಯ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಲೇಪ ಕಪ್ಪಾಗಿ ಕಾಣುವುದುಂಟು. ಅದು ಕುಳಿಯ ಅತ್ಯಂತ ಆಳದ ಜಾಗದಲ್ಲಿ, ನರದ ಕಡೆಗೆ, ಮೇಲಿನ ಫಿಲ್ಲಿಂಗಿನಿಂದ ಪೂರ್ತಿ ಮುಚ್ಚಿಕೊಂಡಿರುತ್ತದೆ. ಹೊರಗಿನ ಅಂಚನ್ನು ಮುಟ್ಟುವುದಿಲ್ಲ.

7. ಇವಾವುವೂ ಅಲ್ಲವಾದರೆ ಹುಳುಕೆಂದು ಸಂಶಯಪಡಿ. ಹೊರ ಅಂಚಿನಿಂದ ಆರಂಭವಾಗಿ ಒಳಗೆ ಹರಡುವುದು, ಒಳಗಡಿ ಮಂಜಾಗಿ ಡೆಂಟಿನ್‌ನಲ್ಲಿ ಕರಗುವುದು, ನರದ ದಿಕ್ಕಿಗೆ ಅಗಲವಾಗುವುದು, ಹಳೆಯ ಚಿತ್ರಕ್ಕಿಂತ ದೊಡ್ಡದಾಗಿರುವುದು ಇದರ ಗುರುತುಗಳು.

ಒಂದು ಓದುವಿಕೆಯನ್ನು ಹತ್ತಿರದಿಂದ ನೋಡೋಣ. ಕೆಳದವಡೆಯ ಎಡಗಡೆಯ ಮೊದಲ ದೊಡ್ಡ ದವಡೆ ಹಲ್ಲು, ಅಂದರೆ ಹಲ್ಲಿನ ಸಂಖ್ಯೆ 36, ಬಾಯಲ್ಲಿ ಹಲ್ಲಿನ ಬಣ್ಣದ ಫಿಲ್ಲಿಂಗ್ ಇದೆ ಎಂದಿಟ್ಟುಕೊಳ್ಳಿ. ಬೈಟ್‌ವಿಂಗಿನಲ್ಲಿ ಫಿಲ್ಲಿಂಗ್ ಎನಾಮಲ್‌ಗಿಂತ ತುಸು ಬಿಳಿ; ಅದರ ಹಿಂಬದಿಯ ತಳದಲ್ಲಿ ಕೂದಲೆಳೆಯಂಥ ಕಪ್ಪು ಗೆರೆ, ಮುಂಬದಿಯ ತಳದಲ್ಲಿ ಮಸುಕು ಅಂಚಿನ ಕಪ್ಪು ಕಲೆ. ಕಾಗದ ಮುಚ್ಚಿದಾಗ ಎರಡೂ ಉಳಿದವು. ಫಿಲ್ಟರ್ ತೆಗೆದರೂ ಉಳಿದವು. ಹಿಂಬದಿಯ ಗೆರೆ ಕುಳಿಯ ತಳದ ಉದ್ದಕ್ಕೂ ಒಂದೇ ಅಗಲದಲ್ಲಿದ್ದು ಮೂಲೆಯಲ್ಲಿ ಚೂಪಾಗಿ ನಿಂತಿದೆ: ಅಂಟುದ್ರವ, ಮುಟ್ಟಬೇಕಾಗಿಲ್ಲ. ಮುಂಬದಿಯ ಕಲೆ ಹೊರ ಅಂಚಿನಿಂದ ಶುರುವಾಗಿ ಒಳಗೆ ಬೀಸಣಿಗೆಯಂತೆ ಅಗಲವಾಗಿದೆ, ಫ್ಲಾಸ್ ಅಲ್ಲೇ ಹರಿದಿತ್ತು: ಹುಳುಕು. ಒಂದೇ ಫಿಲ್ಲಿಂಗಿನ ಎರಡು ತುದಿಗಳಿಗೆ ಎರಡು ತೀರ್ಪು. ಇಡೀ ಫಿಲ್ಲಿಂಗನ್ನು ಒಟ್ಟಾಗಿ ‘ಒಳ್ಳೆಯದು’ ಅಥವಾ ‘ಕೆಟ್ಟದ್ದು’ ಎನ್ನುವ ಅವಸರ ಬೇಡ.

ಇದರ ತಿರುವುಮುರುವು ಕೂಡ ಉಂಟು. ಅಮಾಲ್ಗಮ್‌ನ ಅಡಿಯಲ್ಲಿ ಖನಿಜ ಕಳೆದುಕೊಂಡ ಡೆಂಟಿನ್‌ನೊಳಕ್ಕೆ ತವರ ಮತ್ತು ಸತುವಿನ ಅಂಶ ಇಳಿದು ಆ ಜಾಗವೇ ಬೆಳ್ಳಗಾಗುವುದುಂಟು. ಫಿಲ್ಲಿಂಗಿನ ಕೆಳಗೆ ಡೆಂಟಿನ್‌ಗಿಂತ ಬಿಳಿಯಾದ ಮಂಜಿನ ಪಟ್ಟಿ ಕಂಡರೆ ಅದನ್ನು ಲೇಪವೆಂದು ಬರೆದು ಮುಂದೆ ಹೋಗದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ.

ಹಂತ 7: ಎರಡನೆಯ ಕೋನದಿಂದ ಪರೀಕ್ಷಿಸಿ

ಎಕ್ಸ್‌ರೇ ಮೂರು ಆಯಾಮವನ್ನು ಒಂದು ಹಾಳೆಯ ಮೇಲೆ ಒತ್ತಿಬಿಡುತ್ತದೆ. ಕೆನ್ನೆಯ ಬದಿಯ ಸಣ್ಣ ಫಿಲ್ಲಿಂಗ್ ಕೂಡ ಚಿತ್ರದಲ್ಲಿ ನರದ ಮೇಲೇ ಕುಳಿತಂತೆ ಕಾಣಬಹುದು, ದಪ್ಪ ಅಮಾಲ್ಗಮ್‌ನ ಹಿಂದೆ ನಾಲಗೆಯ ಬದಿಯ ದೊಡ್ಡ ಹುಳುಕು ಪೂರ್ತಿ ಅಡಗಬಹುದು. ಸಂಶಯ ಉಳಿದಾಗ ಮಾತ್ರ ಕೊಳವೆಯನ್ನು ಪಕ್ಕಕ್ಕೆ ಸರಿಸಿ ಇನ್ನೊಂದು ಚಿತ್ರ ತೆಗೆಯಿರಿ. ಕೊಳವೆ ಸರಿದ ದಿಕ್ಕಿಗೇ ಸರಿದ ವಸ್ತು ನಾಲಗೆಯ ಬದಿಯದು. ಎದುರು ದಿಕ್ಕಿಗೆ ಸರಿದದ್ದು ಕೆನ್ನೆಯ ಬದಿಯದು.

ಹೊರಚಾಚಿದ ಫಿಲ್ಲಿಂಗ್ ಮತ್ತು ಪಾಚಿಯ ಮುಳ್ಳನ್ನು ಬೇರ್ಪಡಿಸಬೇಕಾದದ್ದೂ ಇಲ್ಲೇ. ಹೊರಚಾಚು ಫಿಲ್ಲಿಂಗಿನ ಒಡಲಿಗೆ ಒಂದಾಗಿ, ಅಷ್ಟೇ ಬಿಳುಪಿನಲ್ಲಿ ಮುಂದುವರಿಯುತ್ತದೆ. ಪಾಚಿ ಅದಕ್ಕಿಂತ ಮಸುಕು, ಮೊನಚು, ಫಿಲ್ಲಿಂಗಿಗಿಂತ ಕೆಳಗೆ ಬೇರಿನ ಮೇಲೆ ಅಂಟಿಕೊಂಡಿರುತ್ತದೆ ಮತ್ತು ಕೆಲಸವಾಗದ ಪಕ್ಕದ ಹಲ್ಲಿನಲ್ಲೂ ಅದರ ಜೋಡಿ ಇರುತ್ತದೆ.

ಹಂತ 8: ಬೇರಿನೊಳಗಿನ ವಸ್ತುವನ್ನು ಬೇರೆಯಾಗಿ ಓದಿ

ರೂಟ್ ಕೆನಾಲ್ ಆದ ಹಲ್ಲಿಗೆ ಮೇಲಿನ ಅಳತೆಗೋಲು ಸಾಲದು. ಬೇರಿನೊಳಗೆ ತುಂಬುವ ರಬ್ಬರಿನಂಥ ಗುಟ್ಟಾಪರ್ಚಾದಲ್ಲಿ ಹೆಚ್ಚಿನ ಪಾಲು ಜಿಂಕ್ ಆಕ್ಸೈಡ್, ಜೊತೆಗೆ ಬೇರಿಯಂ ಲವಣ ಇರುವುದರಿಂದ ಅದು ಬೆಳ್ಳಗೆ ಕಾಣುತ್ತದೆ. ಬೇರು ತುಂಬುವ ಸೀಲರ್‌ಗಳಿಗೆ ಐಎಸ್‌ಒ 6876 ಮಾನದಂಡ 1 ಮಿ.ಮೀ. ದಪ್ಪಕ್ಕೆ ಕನಿಷ್ಠ 3 ಮಿ.ಮೀ. ಅಲ್ಯೂಮಿನಿಯಂನಷ್ಟು ತಡೆ ಕೇಳುತ್ತದೆ, ಅಂದರೆ ಮೇಲಿನ ಫಿಲ್ಲಿಂಗಿಗೆ ಕೇಳುವುದಕ್ಕಿಂತ ಮೂರು ಪಟ್ಟು. ಬೇರಿನ ದುರಸ್ತಿಗೆ ಬಳಸುವ ಸಿಮೆಂಟುಗಳಲ್ಲಿ ಬಿಸ್ಮತ್ ಆಕ್ಸೈಡ್ ಬೆರೆತ ಎಂಟಿಎ ಚೆನ್ನಾಗಿ ಹೊಳೆಯುತ್ತದೆ. ಜಿರ್ಕೋನಿಯಂ ಆಕ್ಸೈಡ್ ಸ್ವಲ್ಪವೇ ಇರುವ ಬಯೋಡೆಂಟಿನ್ ಅದಕ್ಕಿಂತ ಮಸುಕು.

ಇಲ್ಲಿನ ದೊಡ್ಡ ತಪ್ಪೆಂದರೆ ಖಾಲಿಯಂತೆ ಕಂಡ ಬೇರನ್ನು ಖಾಲಿಯೆಂದೇ ಬರೆಯುವುದು. ನೀರಿನಲ್ಲಿ ಕಲಸಿದ ಬರಿಯ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಔಷಧಿ ಡೆಂಟಿನ್‌ನಷ್ಟೇ ಬೂದಾಗಿದ್ದು ಕಣ್ಣಿಗೆ ಬೀಳುವುದೇ ಇಲ್ಲ. ಬೇರಿಯಂ ಸಲ್ಫೇಟ್ ಅಥವಾ ಅಯೊಡೊಫಾರ್ಮ್ ಸೇರಿಸಿದ್ದರೆ ಮಾತ್ರ ಬಿಳಿಯಾಗುತ್ತದೆ. ಹಾಗೆಯೇ ಗಾಜುನಾರಿನ ಪೋಸ್ಟ್ (ಬೇರಿನೊಳಗೆ ಊರಿದ ಆಧಾರದ ಕಡ್ಡಿ) ಹಲವು ಸಲ ಕಪ್ಪು ಕೊಳವೆಯಂತೆ ಕಂಡು, ಅದರ ಎರಡೂ ಬದಿಗೆ ಸಿಮೆಂಟಿನ ಬಿಳಿ ಗೆರೆ ಇರುತ್ತದೆ. ಟೈಟಾನಿಯಂ ಪೋಸ್ಟಿನ ಬಿಳುಪು ಗುಟ್ಟಾಪರ್ಚಾಕ್ಕೆ ಹತ್ತಿರವಾದ್ದರಿಂದ ನೇರ ಅಂಚು ಮತ್ತು ತಿರುಪಿನ ಹಲ್ಲುಗಳನ್ನು ನೋಡಿಯೇ ಗುರುತಿಸಬೇಕು. ಸುರುಳಿಯ ಗುರುತಿರುವ ತುಂಡಾದ ತೀವ್ರ ಬಿಳಿ ಗೆರೆ ಕಂಡರೆ ಮುರಿದುಳಿದ ಫೈಲ್ (ಬೇರಿನ ನಾಳ ಕೆರೆಯುವ ಸೂಜಿಯಂಥ ಉಪಕರಣ) ಎಂದು ಸಂಶಯಪಟ್ಟು ರೋಗಿಗೆ ತಿಳಿಸಿ.

ಬೇಕೆನಿಸಿದವರಿಗೆ: ಕ್ಲಿನಿಕಿನದೇ ಒಂದು ಮಾದರಿ ಫಲಕ

ನೀವು ದಿನವೂ ಬಳಸುವ ವಸ್ತುಗಳು ನಿಮ್ಮದೇ ಯಂತ್ರದಲ್ಲಿ ಹೇಗೆ ಕಾಣುತ್ತವೆ ಎಂದು ತಿಳಿಯಲು ಒಂದು ಮಧ್ಯಾಹ್ನ ಸಾಕು, ಮತ್ತು ಯಾವ ರೋಗಿಗೂ ಕಿರಣ ತಾಗಿಸಬೇಕಾಗಿಲ್ಲ. ಪ್ರತಿ ವಸ್ತುವನ್ನೂ ಎರಡು ಗಾಜಿನ ಹಲಗೆಗಳ ನಡುವೆ 1 ಮಿ.ಮೀ. ದಪ್ಪದ ಉಂಗುರದಲ್ಲಿ ಒತ್ತಿ ಬಿಲ್ಲೆ ಮಾಡಿ, ಗಟ್ಟಿಯಾದ ಮೇಲೆ ಮೈಕ್ರೋಮೀಟರಿನಿಂದ ದಪ್ಪ ಅಳೆಯಿರಿ. ಗಾಳಿಗುಳ್ಳೆ ಇರುವ ಬಿಲ್ಲೆಯನ್ನು ಎಸೆಯಿರಿ. ಬಿಲ್ಲೆಗಳನ್ನು, ಕಿತ್ತ ಹಲ್ಲಿನಿಂದ ಕತ್ತರಿಸಿ ಸೋಂಕು ನಿವಾರಿಸಿದ 1 ಮಿ.ಮೀ. ಹೋಳನ್ನು ಮತ್ತು ಮೆಟ್ಟಿಲು ಮೆಟ್ಟಿಲಾದ ಅಲ್ಯೂಮಿನಿಯಂ ತುಂಡನ್ನು ಸೆನ್ಸರಿನ ಮೇಲೆ ಪಕ್ಕಪಕ್ಕ ಇಟ್ಟು, 30ರಿಂದ 40 ಸೆಂ.ಮೀ. ದೂರದಿಂದ ಸುಮಾರು 65 ಕಿಲೋವೋಲ್ಟಿನಲ್ಲಿ ಚಿತ್ರ ತೆಗೆಯಿರಿ.

ಅಲ್ಯೂಮಿನಿಯಂ ಕನಿಷ್ಠ 98 ಶೇಕಡಾ ಶುದ್ಧವಿರಬೇಕು, ತಾಮ್ರ 0.1 ಶೇಕಡಾಕ್ಕಿಂತ ಕಡಿಮೆ, ಕಬ್ಬಿಣ 1 ಶೇಕಡಾಕ್ಕಿಂತ ಕಡಿಮೆ ಇರಬೇಕು. ಯಾವ ಮಿಶ್ರಲೋಹವೆಂದು ತಿಳಿಯದ ತುಂಡನ್ನು ಫ್ಯಾಬ್ರಿಕೇಶನ್ ಅಂಗಡಿಯಿಂದ ತಂದು ಬಳಸಿದರೆ ಎಲ್ಲ ಹೋಲಿಕೆಯೂ ತಪ್ಪುತ್ತದೆ. ಚಿತ್ರವನ್ನು ಕುಗ್ಗಿಸದೆ ಟಿಫ್ ರೂಪದಲ್ಲಿ ಉಳಿಸಿ, ಉಚಿತವಾಗಿ ಸಿಗುವ ಇಮೇಜ್‌ಜೆ ತಂತ್ರಾಂಶದಲ್ಲಿ ಪ್ರತಿ ಬಿಲ್ಲೆಯ ಬೂದುಮಟ್ಟವನ್ನು ಅಳೆದು ಅಲ್ಯೂಮಿನಿಯಂ ಮೆಟ್ಟಿಲುಗಳೊಡನೆ ಹೋಲಿಸಿ. ಬಿಲ್ಲೆ ಅತಿ ದಪ್ಪ ಮೆಟ್ಟಿಲಿಗಿಂತಲೂ ಬಿಳಿಯಾಗಿ ಬಂದರೆ, ಅಮಾಲ್ಗಮ್‌ನಲ್ಲಿ ಹೀಗಾಗುವುದು ಸಹಜ, ಸಂಖ್ಯೆ ಕೊಡಲು ಹೋಗದೆ ‘ಅಳತೆಯ ಆಚೆ’ ಎಂದು ಬರೆದರೆ ಸಾಕು.

ಹಂತ 9: ತೀರ್ಮಾನ ಮತ್ತು ದಾಖಲೆ

ಚಿತ್ರದಲ್ಲಿ ಹುಳುಕು ಕಾಣಬೇಕಾದರೆ ಆ ಜಾಗದ ಖನಿಜ ಸುಮಾರು 30ರಿಂದ 40 ಶೇಕಡಾದಷ್ಟು ಕಳೆದಿರಬೇಕು. ಹಾಗಾಗಿ ಚಿತ್ರ ಶುಭ್ರವಾಗಿದ್ದರೂ ಪ್ರೋಬಿಗೆ ಅಂಚು ಮೆತ್ತಗೆ ಸಿಕ್ಕಿದರೆ, ತಂಪು ನೀರಿಗೆ ನೋವು ಉಳಿದುಕೊಂಡರೆ, ಫಿಲ್ಲಿಂಗ್ ಅಲುಗಾಡಿದರೆ ಚಿತ್ರವನ್ನು ಬದಿಗಿಟ್ಟು ಬಾಯಿಯ ಮಾತನ್ನೇ ನಂಬಿ. ರಾತ್ರಿ ನಿದ್ದೆಗೆಡಿಸುವ ನೋವು, ಒಸಡಿನಲ್ಲಿ ಕೀವಿನ ಗುಳ್ಳೆ, ಮುಖದ ಊತ, ಬೇರಿನ ತುದಿಯಲ್ಲಿ ಕಪ್ಪು ವೃತ್ತ ಇವುಗಳಲ್ಲಿ ಯಾವುದಿದ್ದರೂ ಕಾಯುವಂತಿಲ್ಲ. ಇದಕ್ಕೆ ವಿರುದ್ಧವಾಗಿ ಚಿತ್ರದಲ್ಲಿ ಕಪ್ಪಿದ್ದು ಬಾಯಲ್ಲಿ ಯಾವ ಲಕ್ಷಣವೂ ಇಲ್ಲದಿದ್ದರೆ, ಮತ್ತು ಆರನೆಯ ಹಂತದ ಪ್ರಶ್ನೆಗಳಲ್ಲಿ ಖಚಿತ ಉತ್ತರ ಸಿಗದಿದ್ದರೆ, ಫಿಲ್ಲಿಂಗನ್ನು ತೆಗೆಯದೆ ಮುಂದಿನ ತಪಾಸಣೆಯಲ್ಲಿ ಅದೇ ಕೋನ, ಅದೇ ಕಿಲೋವೋಲ್ಟಿನಲ್ಲಿ ತೆಗೆದ ಚಿತ್ರದೊಡನೆ ಹೋಲಿಸಿ.

ಕೊನೆಯದಾಗಿ ಚೀಟಿ. ಹಲ್ಲಿನ ಸಂಖ್ಯೆ, ಹಾಕಿದ ವಸ್ತುವಿನ ಬಗೆ ಮತ್ತು ಮಾರುಕಟ್ಟೆಯ ಹೆಸರು, ತಳದಲ್ಲಿ ಲೇಪ ಹಾಕಿದ್ದರೆ ಅದರ ಹೆಸರು, ದಿನಾಂಕ, ಚಿತ್ರ ತೆಗೆದ ಕಿಲೋವೋಲ್ಟ್ ಇಷ್ಟನ್ನು ಬರೆದು ರೋಗಿಯ ಕೈಯಲ್ಲಿ ಕೊಡಿ. ನಮ್ಮ ಜಿಲ್ಲೆಯ ರೋಗಿ ಮುಂದಿನ ಸಲ ಕಣ್ಣೂರಿಗೂ ಹೋಗಬಹುದು, ದೇರಳಕಟ್ಟೆಗೂ ಹೋಗಬಹುದು. ಆದ್ದರಿಂದ ವಸ್ತುವಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ, ರೋಗಿಗೆ ಹೇಳಬೇಕಾದ ಎರಡು ಸಾಲು ಅವರು ಓದಬಲ್ಲ ಕನ್ನಡದಲ್ಲೋ ಮಲಯಾಳದಲ್ಲೋ ಇರಲಿ. ಅಂಟುದ್ರವದ ಗೆರೆಯೋ ಗಾಳಿಗುಳ್ಳೆಯೋ ಕಂಡಿದ್ದರೆ ಅದನ್ನೂ ‘36, ಹಿಂಬದಿಯ ತಳದಲ್ಲಿ ಕಪ್ಪು ಗೆರೆ, ಅಂಟುದ್ರವ, ಹುಳುಕಲ್ಲ’ ಎಂದು ಸ್ಪಷ್ಟವಾಗಿ ಬರೆಯಿರಿ.